ವಿಶ್ವ ಕುಗ್ಗುವಾಗ ಏರಿಳಿತಗಳು ಅಳಿಸಿಹೋಗುವುದಿಲ್ಲವೇ?

ವಿಶ್ವ ಮೊದಲು ಕುಗ್ಗಿ, ಆಮೇಲೆ ಪುಟಿದು ಹಿಗ್ಗಿದ್ದರೆ ಗ್ಯಾಲಕ್ಸಿಗಳಿಗೆ ಬೀಜವಾದ ಸಾಂದ್ರತೆಯ ಏರಿಳಿತಗಳು ಕುಗ್ಗುವಾಗಲೇ ಅಳಿಸಿಹೋಗಬೇಕಿತ್ತು ಅಲ್ವಾ ಅಂತ ಕೇಳಿದ್ದೀರಿ. ಇಲ್ಲ, ಕುಗ್ಗುವಾಗ ಅವು ಇನ್ನೂ ಜಾಸ್ತಿಯಾಗುತ್ತವೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗವೇ ಇದು.

ಹಿಗ್ಗುವ ವಿಶ್ವದಲ್ಲಿ ಏರಿಳಿತಕ್ಕೆ ಎರಡು ಪಾಲು. ಒಂದು ಬೆಳೆಯುತ್ತದೆ, ಇನ್ನೊಂದು ಕರಗುತ್ತದೆ. ಕರಗುವ ಪಾಲನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕುಗ್ಗುವಾಗ ಬೆಳೆಯುವುದು ಅದೇ ಪಾಲು. ದ್ರವ್ಯವೇ ತುಂಬಿದ ವಿಶ್ವದ ಅಳತೆ ಕಾಲು ಭಾಗಕ್ಕೆ ಇಳಿದರೆ ಅದು 8 ಪಟ್ಟಾಗುತ್ತದೆ.

ಇದರಿಂದ ಏನು ಸಿಗುತ್ತದೆ ಅಂತ 1999ರಲ್ಲಿ ವಿಶ್ವವಿಜ್ಞಾನಿ ಡೇವಿಡ್ ವಾಂಡ್ಸ್ ತೋರಿಸಿದರು. ಕ್ವಾಂಟಮ್ ಏರಿಳಿತಗಳಲ್ಲಿ (ಖಾಲಿ ಜಾಗದಲ್ಲೂ ಸದಾ ಇರುವ ಸೂಕ್ಷ್ಮ ಕಂಪನಗಳಲ್ಲಿ) ಚಿಕ್ಕ ಅಲೆಗಳದ್ದೇ ಜೋರು, ಉದ್ದ ಅಲೆಗಳು ಸಪ್ಪೆ. ಆದರೆ ಕುಗ್ಗುವಾಗ ಉದ್ದ ಅಲೆಗಳು ಹಬಲ್ ತ್ರಿಜ್ಯವನ್ನು (ವಿಶ್ವ ಹಿಗ್ಗುವ ಅಥವಾ ಕುಗ್ಗುವ ವೇಗ ಬೆಳಕಿನ ವೇಗಕ್ಕೆ ಸಮವಾಗುವ ದೂರವನ್ನು) ಮೊದಲು ದಾಟುತ್ತವೆ. ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತವೆ. ಹೆಚ್ಚು ಹೊತ್ತು ಬೆಳೆದದ್ದರಿಂದ ಅವುಗಳ ಕೊರತೆ ಸರಿಯಾಗಿ ತುಂಬಿಬಿಡುತ್ತದೆ. ಕೊನೆಗೆ ಎಲ್ಲ ಉದ್ದದ ಅಲೆಗಳೂ ಹೆಚ್ಚುಕಡಿಮೆ ಒಂದೇ ಬಲದವು. ಇನ್‌ಫ್ಲೇಶನ್, ಅಂದರೆ ಆರಂಭದಲ್ಲಿ ವಿಶ್ವ ದಿಢೀರನೆ ಹಿಗ್ಗಿತು ಎಂಬ ಕಲ್ಪನೆ, ಇಲ್ಲದೆಯೇ! 2002ರಲ್ಲಿ ಫಿನೆಲ್ಲಿ ಮತ್ತು ಬ್ರಾಂಡೆನ್‌ಬರ್ಗರ್ ಇದನ್ನು ಮುಂದುವರಿಸಿದರು.

ಪುಟಿಯುವ ಗಳಿಗೆ ತೀರಾ ಚಿಕ್ಕದು. ಹಾಗಾಗಿ ಹಲವು ಮಾದರಿಗಳಲ್ಲಿ ಉದ್ದ ಅಲೆಗಳು ಹೆಚ್ಚು ಬದಲಾಗದೆ ಆಚೆ ದಾಟುತ್ತವೆ.

ನಿಜವಾದ ತೊಂದರೆ ಬೇರೆ ಕಡೆ ಇದೆ. ವಿಶ್ವದ ಆರಂಭದಿಂದ ಉಳಿದುಬಂದ ಹಿನ್ನೆಲೆ ವಿಕಿರಣವನ್ನು ಅಳೆದ ಪ್ಲಾಂಕ್ ಉಪಗ್ರಹದ ಪ್ರಕಾರ ಆ ಸಮಬಲದ ಸೂಚ್ಯಂಕ 1 (ಎಲ್ಲ ಅಲೆಗಳೂ ಸರಿಸಮ) ಅಲ್ಲ, ಸುಮಾರು 0.965. ಇದನ್ನು ಸ್ವಲ್ಪ ಋಣ ಒತ್ತಡ ಸೇರಿಸಿ ಹೊಂದಿಸಬಹುದು. ಆದರೆ ಗುರುತ್ವ ಅಲೆಗಳೂ (ದೇಶಕಾಲದಲ್ಲೇ ಏಳುವ ಅಲೆಗಳೂ) ಅಷ್ಟೇ ಬೆಳೆಯುತ್ತವಲ್ಲ! ಸಾಂದ್ರತೆಯ ಏರಿಳಿತಕ್ಕೆ ಹೋಲಿಸಿದರೆ ಅವುಗಳ ಪ್ರಮಾಣ 0.036ಕ್ಕಿಂತ ಕಡಿಮೆ ಎಂದು ದಕ್ಷಿಣ ಧ್ರುವದ ದೂರದರ್ಶಕಗಳಿಂದ ಹಿನ್ನೆಲೆ ವಿಕಿರಣವನ್ನು ನೋಡುವ ಬೈಸೆಪ್/ಕೆಕ್ ತಂಡ 2021ರಲ್ಲಿ ಹೇಳಿತು. ಸರಳ ಮಾದರಿಗಳಲ್ಲಿ ಬರುವುದು ಅದಕ್ಕಿಂತ ಎಷ್ಟೋ ಜಾಸ್ತಿ. ನನ್ನ ಮಟ್ಟಿಗೆ ಸರಳ ಮಾದರಿ ಇಲ್ಲೇ ಸೋತಿತು.

ಇನ್ನೊಂದು ತೊಂದರೆಯೂ ಇದೆ. ವಿಶ್ವ ಅರ್ಧಕ್ಕೆ ಕುಗ್ಗಿದರೆ ದ್ರವ್ಯದ ಸಾಂದ್ರತೆ 8 ಪಟ್ಟಾಗುತ್ತದೆ. ಒಂದೊಂದು ದಿಕ್ಕಿಗೆ ಒಂದೊಂದು ವೇಗ ಎಂಬ ಅಸಮತೆಯ ಶಕ್ತಿ ಮಾತ್ರ 64 ಪಟ್ಟು! ತಡೆಯದಿದ್ದರೆ ಕೊನೆಗೆ ಅದೇ ಎಲ್ಲವನ್ನೂ ನುಂಗುತ್ತದೆ. 2001ರಲ್ಲಿ ಸ್ಟೈನ್‌ಹಾರ್ಟ್, ಟ್ಯೂರಾಕ್ ಮತ್ತು ಸಂಗಡಿಗರು ತಂದ ಎಕ್‌ಪೈರೋಟಿಕ್ ಮಾದರಿ ಇದಕ್ಕೆ ಉಪಾಯ ಕೊಟ್ಟಿತು. ಅಲ್ಲಿ ವಿಶ್ವವನ್ನೆಲ್ಲ ತುಂಬಿದ ಒಂದು ಕ್ಷೇತ್ರವಿದೆ, ಅದರ ಒತ್ತಡ ಬಹಳ ಹೆಚ್ಚು, ಅಸಮತೆಗಿಂತ ಬೇಗ ಅದರ ಶಕ್ತಿಯೇ ಏರುತ್ತದೆ. ಆದರೆ ಒಂದೇ ಕ್ಷೇತ್ರವಿದ್ದರೆ ಸಮಬಲದ ಏರಿಳಿತ ಸುಲಭವಾಗಿ ಹುಟ್ಟುವುದಿಲ್ಲ, ಎರಡನೆಯದು ಬೇಕಾಗುತ್ತದೆ. ಉದ್ದದ ಗುರುತ್ವ ಅಲೆಗಳಂತೂ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮುಂದೆ ಹಿನ್ನೆಲೆ ವಿಕಿರಣದಲ್ಲಿ ಆ ಕಾಲದ ಗುರುತ್ವ ಅಲೆಗಳ ಗುರುತು ಸಿಕ್ಕರೆ ಈ ಮಾದರಿಗೆ ಉಳಿಗಾಲ ಕಷ್ಟ.