ಸುದ್ದಿವಾಹಿನಿಯನ್ನು ಮೊಬೈಲಿಗೆ ನೇರವಾಗಿ ಹರಿಸಿದರೆ ಯುವಜನ ನೋಡುತ್ತಾರೆಯೇ?

ನೋಡುವುದಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ 2023ರ ಆಗಸ್ಟ್ 23ರ ಸಂಜೆ ನೆನಪಾಗಿ ಕೈ ತಡೆಯುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಕನ್ನಡ ಸುದ್ದಿವಾಹಿನಿಯ ಡಿಜಿಟಲ್ ವಿಭಾಗದಲ್ಲಿ ನಾಲ್ಕು ವರ್ಷ ಇದ್ದೆ. ಹುಡುಗರು ಟಿವಿ ಮುಂದೆ ಕೂರುವುದಿಲ್ಲ, ಹಾಗಾಗಿ ಟಿವಿಯನ್ನೇ ಅವರ ಕೈಗೆ ಕೊಡೋಣ ಎಂಬುದು ನಮ್ಮ ಸಂಪಾದಕರ ಲೆಕ್ಕ. ಇಪ್ಪತ್ತನಾಲ್ಕು ಗಂಟೆಯೂ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಹಾಕಿದೆವು. ಜನ ಬಂದರು, ಸುಳ್ಳೇಕೆ ಹೇಳಲಿ. ಕಾಮೆಂಟುಗಳನ್ನು ಓದುವ ಕೆಲಸ ನನ್ನದಾಗಿದ್ದರಿಂದ ಬಂದವರು ಯಾರೆಂದೂ ಗೊತ್ತಾಯಿತು: ದುಬೈ, ಮಸ್ಕತ್‌ಗಳಲ್ಲಿ ದುಡಿಯುವವರು, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಹೊತ್ತು ಹೋಗದೆ ಕೂತವರು, ನಿವೃತ್ತ ಮೇಷ್ಟರುಗಳು. ‘ಇವತ್ತು ರಾಶಿಭವಿಷ್ಯ ಯಾಕೆ ತಡ?’ ಎಂದು ಬೆಳಿಗ್ಗೆ ಏಳಕ್ಕೆ ಗದರಿಸುವವರು ಕಾಲೇಜು ಹುಡುಗರಂತೂ ಅಲ್ಲ. ಪರದೆ ಬದಲಾಗಿತ್ತು, ವೀಕ್ಷಕರು ಹಳಬರೇ.

ನಮ್ಮದು ಚಿಕ್ಕ ಅಂಗಡಿ ಎನ್ನಬಹುದು. ಅಮೆರಿಕದ ಸುದ್ದಿವಾಹಿನಿ ಸಿಎನ್ಎನ್ ಚಿಕ್ಕದಲ್ಲವಲ್ಲ? 2022ರ ಮಾರ್ಚ್ 29ರಂದು ಅದು ‘ಸಿಎನ್ಎನ್ ಪ್ಲಸ್’ ಎಂಬ ಸ್ಟ್ರೀಮಿಂಗ್ ಸೇವೆಯನ್ನು ಆರಂಭಿಸಿತು. ತಿಂಗಳಿಗೆ 5.99 ಡಾಲರ್. ಫಾಕ್ಸ್ ನ್ಯೂಸ್ ಬಿಟ್ಟ ಕ್ರಿಸ್ ವಾಲೇಸ್ ಅವರಂಥ ದೊಡ್ಡ ಹೆಸರುಗಳನ್ನು ಕರೆತಂದಿತು. ಏಪ್ರಿಲ್ 28ಕ್ಕೆ ಬಾಗಿಲು ಹಾಕಿತು. ಈ ನಡುವೆ ಕಂಪನಿಯ ಒಡೆತನ ಬದಲಾದದ್ದು ಒಂದು ಕಾರಣ, ನಿಜ. ಆದರೆ ನನಗೆ ಸ್ವಾರಸ್ಯ ಕಾಣುವುದು ಬೇರೆ ಕಡೆ. ಅಮೆರಿಕದ ಕೇಬಲ್ ಕಂಪನಿಗಳು ಮನೆಗಿಷ್ಟು ಎಂದು ಸಿಎನ್ಎನ್‌ಗೆ ಹಣ ಕೊಡುತ್ತವೆ. ಆ ಒಪ್ಪಂದಗಳ ದೆಸೆಯಿಂದ ಮೂಲ ವಾಹಿನಿಯ ನೇರಪ್ರಸಾರವನ್ನು ಹೊಸ ಸೇವೆಯಲ್ಲಿ ಕೊಡುವಂತಿರಲಿಲ್ಲ. ಹೋಳಿಗೆ ಊಟಕ್ಕೆ ಕರೆದು, ಹೋಳಿಗೆ ಮಾತ್ರ ಪಕ್ಕದ ಮನೆಯಲ್ಲಿದೆ ಎಂದಂತೆ. ಆದರೆ ಉಚಿತವಾಗಿ, ಜಾಹೀರಾತು ನಂಬಿ 2019ರಲ್ಲಿ ಹುಟ್ಟಿದ ಅಲ್ಲಿನದೇ ಸ್ಟ್ರೀಮಿಂಗ್ ಸುದ್ದಿವಾಹಿನಿ ‘ಎನ್‌ಬಿಸಿ ನ್ಯೂಸ್ ನೌ’ ಬದುಕಿಕೊಂಡಿತು. ಹಾಗಾಗಿ ದುಡ್ಡು ಕೊಟ್ಟು ಸುದ್ದಿ ನೋಡುವ ಇಪ್ಪತ್ತರ ಹರೆಯದವರನ್ನು ನೆಚ್ಚಿಕೊಂಡು ಯಾರೂ ಸಾಲ ಮಾಡಬೇಡಿ.

ಈಗ ಆ ಆಗಸ್ಟ್ ಸಂಜೆ. ಚಂದ್ರಯಾನ-3 ಇಳಿಯುವುದನ್ನು ಇಸ್ರೊದ ಯೂಟ್ಯೂಬ್ ಪುಟದಲ್ಲಿ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ನಮ್ಮ ಸ್ಟುಡಿಯೊದಲ್ಲಿ ಗ್ರಾಫಿಕ್ಸ್ ಲ್ಯಾಂಡರ್, ನಾಲ್ವರು ಅತಿಥಿಗಳು, ಸಾಲದ್ದಕ್ಕೆ ಒಬ್ಬ ಜ್ಯೋತಿಷಿ. ಇಸ್ರೊದಲ್ಲಿ ಇದ್ದದ್ದು ನಿಯಂತ್ರಣ ಕೊಠಡಿ, ಕೆಳಗಿಳಿಯುವ ಒಂದು ಗೆರೆ, ವೇಗ ಮತ್ತು ಎತ್ತರದ ಅಂಕಿಗಳು. ನಮ್ಮದೇ ಡೆಸ್ಕಿನ ಹೊಸ ಹುಡುಗರು ವಾಹಿನಿಯ ಧ್ವನಿ ತಗ್ಗಿಸಿ ಇಸ್ರೊ ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದರು. ಯುವಜನರಿಗೆ ನೇರಪ್ರಸಾರ ಬೇಡವೆಂದು ಯಾರು ಹೇಳಿದರು? ನಡುವೆ ಕೂತು ಕಿರುಚುವವರು ಬೇಡ, ಅಷ್ಟೇ.

ಇನ್ನೊಂದು ದಿನ ನನ್ನ ಮನೆಯದೇ. 2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆ. ಜೂನ್ 14ಕ್ಕೆಂದು ಹೇಳಿದ್ದ ನೀಟ್ ಫಲಿತಾಂಶವೂ ಅದೇ ದಿನ ಹೊರಬಿತ್ತು. 67 ಮಂದಿಗೆ 720ಕ್ಕೆ 720! ಪರೀಕ್ಷೆ ಬರೆದಿದ್ದ ಅಕ್ಕನ ಮಗಳಿಗೆ ಅದನ್ನು ಬಿಡಿಸಿ ಹೇಳಿದ್ದು ಯಾವ ವಾಹಿನಿಯೂ ಅಲ್ಲ, ಭೌತಶಾಸ್ತ್ರ ಹೇಳಿಕೊಡುವ ಒಬ್ಬ ಮೇಷ್ಟರ ನೇರಪ್ರಸಾರ. ಬಿಳಿ ಹಲಗೆ, ಒಂದು ಮಾರ್ಕರ್; ಅಂಕಗಳು, ಕೃಪಾಂಕ, ರ‍್ಯಾಂಕು ಏಕೆ ಕುಸಿಯಿತು ಎಂಬ ಲೆಕ್ಕ. ಎರಡು ಗಂಟೆ ಕದಲದೆ ನೋಡಿದಳು. ಈಗಿನವರಿಗೆ ತಾಳ್ಮೆಯಿಲ್ಲ, ಅರ್ಧ ನಿಮಿಷದ ತುಣುಕೇ ಬೇಕು ಎನ್ನುವವರನ್ನು ಅವಳ ಪಕ್ಕ ಕೂರಿಸಬೇಕಿತ್ತು. ‘ಮಾವ, ನಿಮ್ಮ ವಾಹಿನಿಯಲ್ಲಿ ಇದು ಯಾಕೆ ಬರಲಿಲ್ಲ?’ ಎಂದು ರಾತ್ರಿ ಕೇಳಿದಳು.

ನಿಮ್ಮದೇನಾದರೂ ಸ್ಟ್ರೀಮಿಂಗ್ ಶುರು ಮಾಡುವ ಯೋಚನೆಯಿದ್ದರೆ, ಇಡೀ ವಾಹಿನಿಯನ್ನು ಹೊತ್ತು ತರುವ ಬದಲು ಒಂದು ವಿಷಯವನ್ನು ಬೆನ್ನುಹತ್ತುವ ಒಬ್ಬ ವರದಿಗಾರನನ್ನು ಕೂರಿಸಿ. ಪ್ರಶ್ನೆ ಕೇಳಿದವರಿಗೆ ಅಲ್ಲಿಯೇ ಉತ್ತರ ಕೊಡಲಿ. ಮರುದಿನದ ಸಭೆಯಲ್ಲಿ ನಾನು ಇದನ್ನೇ ಹೇಳಿದ್ದೆ. ‘ಚುನಾವಣೆಯ ವಿಶ್ಲೇಷಣೆ ಮುಗಿಯಲಿ, ನೋಡೋಣ’ ಎಂದರು ಸಂಪಾದಕರು. ವಿಶ್ಲೇಷಣೆ ಮುಗಿಯುವ ಹೊತ್ತಿಗೆ ನೀಟ್ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿಯಾಗಿತ್ತು.