ಥೆರಪಿ ಸೆಷನ್ ಮುಗಿದ ಮೇಲೆ ಲೋಕಲ್‌ನಲ್ಲಿ ಅಳು ಬರ್ತಿದ್ದರೆ
ಮುಂಬೈನ ದಾದರ್‌ನಲ್ಲಿ ಥೆರಪಿ (ಮಾತಿನ ಮೂಲಕ ಮನಸ್ಸಿನ ಚಿಕಿತ್ಸೆ) ಸೆಷನ್ ಮುಗಿಸಿ, ಲೋಕಲ್ ರೈಲಲ್ಲಿ ಡೊಂಬಿವಲಿ ಮುಟ್ಟೋವರೆಗೆ ಅಳು, ಆಮೇಲೆ ಎರಡು ದಿನ ಮಂಕು ಅಂದಿದ್ದೀರಿ. ಬಹುಶಃ ಹಳೇ ನೋವು ಕೆದಕಿ, ಅದು ತಣಿಯೋ ಮೊದಲೇ ಎದ್ದು ಹೊರಟಿದ್ದೇ ಕಾರಣ.

ಕೊನೆಯ ಹತ್ತು ನಿಮಿಷ ಹೊಸ ವಿಷಯ ಬೇಡ ಅಂತ ಥೆರಪಿಸ್ಟ್‌ಗೆ ಮೊದಲೇ ಹೇಳಿ. ಮುಗಿದದ್ದೇ ಸಂಜೆಯ ಫಾಸ್ಟ್ ಲೋಕಲ್‌ಗೆ ನುಗ್ಗಬೇಡಿ (ಆ ನೂಕುನುಗ್ಗಲಲ್ಲಿ ಗಟ್ಟಿಗರಿಗೂ ಅಳು ಬರುತ್ತೆ!). ದಾದರ್‌ನ ಶಿವಾಜಿ ಪಾರ್ಕ್ ಮೈದಾನದ ಕಟ್ಟೆ ಮೇಲೆ ಅರ್ಧ ಗಂಟೆ ಕೂತು, ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣೋ ಐದು ವಸ್ತು ಹೆಸರಿಸಿ. ಆ ರಾತ್ರಿ ದೊಡ್ಡ ನಿರ್ಧಾರ ಬೇಡ.

ದಿನಾ ಮಂಕಿಗೆ ಹತ್ತಕ್ಕೆ ಎಷ್ಟು ಅಂತ ಅಂಕ ಬರೆದಿಡಿ. ನಾಲ್ಕು ವಾರವಾದರೂ ಇಳಿಯದಿದ್ದರೆ ಥೆರಪಿಯ ವಿಧಾನವೇ ನಿಮಗೆ ಒಗ್ಗದಿರಬಹುದು. ಅಂಕದ ಆ ಚೀಟಿಯನ್ನು ಥೆರಪಿಸ್ಟ್‌ಗೆ ತೋರಿಸಿ, ವೇಗ ತಗ್ಗಿಸಲು ಕೇಳಿ. ಸಾಯೋ ಯೋಚನೆ ಬಂದರೆ ಮಾತ್ರ ಮುಂದಿನ ಸೆಷನ್‌ಗೆ ಕಾಯಬೇಡಿ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲುರಾತ್ರಿ, ಕನ್ನಡದಲ್ಲೂ ಮಾತಾಡಬಹುದು.