ಮಾತು ಕೇಳುವುದು ಎಂದರೆ

ಮಾಸ್ತರರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಹದಿನೈದು ದಿನ ಆಯ್ತು. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ, ಅದಕ್ಕೇ ತಡ. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳುತ್ತೇನೆ.

ನಿಮ್ಮ ಮಗಳು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ನಡೆಯದೇ ಇದ್ದ ಸಭೆಯನ್ನು ನಡೆದಿದೆ ಅಂತ ಹಿಂದಿನ ತಾರೀಖು ಹಾಕಿ ನಡಾವಳಿ ಪುಸ್ತಕದಲ್ಲಿ ಬರೆಯಲು ಅಧ್ಯಕ್ಷರು ಹೇಳಿದರು. "ಹಾಗಂತ ಒಂದು ಚೀಟಿ ಬರೆದುಕೊಡಿ ಸರ್" ಅಂದಳು ಆಕೆ. ಅವರು ಕೊಡಲಿಲ್ಲ, ಇವಳು ಬರೆಯಲಿಲ್ಲ. ಈಗ ದೂರದ ಶಾಖೆಗೆ ಹಾಕಿದ್ದಾರೆ, ದಿನಾ ಬೆಳಿಗ್ಗೆ ಆರರ ಬಸ್ಸು ಹಿಡಿಯಬೇಕು. "ದೊಡ್ಡವರ ಮಾತು ಕೇಳು ಅಂತಲೇ ಬೆಳೆಸಿದೆ. ಗುರುಹಿರಿಯರ ಮಾತು ಮೀರಬಾರದು ಅನ್ನುತ್ತದೆ ಧರ್ಮ. ಮೇಲಿನವರಿಗೆ ತಲೆಬಾಗು ಅನ್ನುತ್ತದೆ ಕಾನೂನು. ಹಾಗಾದರೆ ಇವಳು ಮಾಡಿದ್ದು ಹಟವೋ, ನ್ಯಾಯವೋ?" ಅಂತ ಕೇಳಿದ್ದೀರಿ.

ನ್ಯಾಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅನ್ನೋದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು.

ಪ್ರತಿ ವರ್ಷ ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ನೀವು. ಅಪ್ಪನ ಮಾತು ನಡೆಸಿದ ಮಗ ಅಂದರೆ ಪರಶುರಾಮ ಅಂತ ಪತ್ರದಲ್ಲಿ ಬರೆದಿದ್ದೀರಿ. ಆ ಕಥೆಯನ್ನು ಮಹಾಭಾರತದ ವನಪರ್ವದಲ್ಲಿ ಇನ್ನೊಮ್ಮೆ ನಿಧಾನವಾಗಿ ಓದಿ. ಜಮದಗ್ನಿ ಸಿಟ್ಟಿನಲ್ಲಿ, ನಿಮ್ಮ ತಾಯಿಯನ್ನು ಕೊಲ್ಲಿ ಅಂತ ಮಕ್ಕಳಿಗೆ ಒಬ್ಬೊಬ್ಬರಾಗಿ ಹೇಳುತ್ತಾನೆ. ಮೊದಲ ನಾಲ್ವರು ಕೈ ಎತ್ತಲಿಲ್ಲ. ಶಾಪ ತಗೊಂಡು ಬುದ್ಧಿ ಕಳಕೊಂಡರು. ಐದನೆಯವನು ಕೊಡಲಿ ಎತ್ತಿದ. ಅಪ್ಪನಿಗೆ ಸಂತೋಷವಾಯ್ತು, ವರ ಕೇಳು ಅಂದ. ಮಗ ಏನು ಕೇಳಿದ ನೋಡಿ. ಅಮ್ಮ ಬದುಕಿ ಬರಲಿ. ಕೊಂದದ್ದು ಅವಳ ನೆನಪಿನಲ್ಲಿ ಇರದಿರಲಿ. ಆ ಪಾಪ ನನಗೆ ತಟ್ಟದಿರಲಿ. ಅಣ್ಣಂದಿರು ಮೊದಲಿನಂತೆ ಆಗಲಿ. ತನಗೆ ಬೇಕಾದ ಶೌರ್ಯ, ಆಯುಸ್ಸು ಕೇಳಿದ್ದು ಇದೆಲ್ಲ ಆದ ಮೇಲೆ.

ಪಾಪ ನನಗೆ ತಟ್ಟದಿರಲಿ. ಈ ಒಂದು ಮಾತಿನ ಹತ್ತಿರ ನಾನು ಎಷ್ಟೋ ಸಲ ನಿಂತಿದ್ದೇನೆ. ಹೇಳಿದವನು ಅಪ್ಪ, ಲೆಕ್ಕ ಅವನ ಖಾತೆಗೆ ಅಂತ ಪರಶುರಾಮನಿಗೆ ಅನ್ನಿಸಿದ್ದರೆ ಈ ವರ ಯಾಕೆ ಬೇಕಿತ್ತು? ಮಾತು ನಡೆಸಿದ ಮಗನೇ, ನಡೆಸಿದ್ದೆಲ್ಲ ಅಳಿಸಿಹೋಗಲಿ ಅಂತ ಬೇಡುತ್ತಾನೆ. ಕೈ ಎತ್ತದ ಆ ನಾಲ್ವರನ್ನು ನಾವು ಮರೆತೇಬಿಟ್ಟಿದ್ದೇವೆ. ಅವರಿಗೊಂದು ಗುಡಿ ಇದ್ದರೆ ನಾನು ಹೋಗಿ ಕಾಯಿ ಒಡೆಸುತ್ತಿದ್ದೆ.

ಆ ಥರದ ವರ ನನಗೆ ಸಿಗಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಕಳ್ಳತನದ ಸುದ್ದಿಯೊಂದರಲ್ಲಿ ಆರೋಪಿಯ ಹೆಸರಿನ ಜಾಗದಲ್ಲಿ ದೂರು ಕೊಟ್ಟವರ ಹೆಸರು ಬಿತ್ತು. ಬರೆದವನು ನಾನೇ. ಮರುದಿನ ಆ ಮನುಷ್ಯ ಆಫೀಸಿಗೆ ಬಂದರು, ಕಿರಾಣಿ ಅಂಗಡಿಯವರು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. ತಿದ್ದುಪಡಿ ಹಾಕುವುದು ಬೇಡ, ಪತ್ರಿಕೆಯ ಮರ್ಯಾದೆ ಹೋಗುತ್ತೆ ಅಂದರು ಮೇಲಿನವರು. ನಾನು ಹೊರಗೆ ಬಂದು, "ಸಾಹೇಬರು ಬೇಡ ಅಂದ್ರು" ಅಂದೆ. ಬೆಂಚಿನ ಮೇಲೆ ಕೂತಿದ್ದ ಅವರು ತಲೆ ಎತ್ತಿ ನೋಡಿದರು. "ಬರೆದಿದ್ದು ನೀವೇ ಅಲ್ವಾ?" ಅಂದರು. ಅಷ್ಟೇ. ಛತ್ರಿ ತಗೊಂಡು ಹೋದರು. ಆ ತಿದ್ದುಪಡಿ ಕೊನೆಗೂ ಅಚ್ಚಾಗಲಿಲ್ಲ. ಹೇಳಿದ ಮಾತು ಕೇಳುವ ಹುಡುಗ ಅಂತ ಆಫೀಸಿನಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಇನ್ನು ಕಾನೂನು. ಮೇಲಿನವರು ಹೇಳಿದ್ದೆಲ್ಲ ಕಾನೂನು ಅಂತ ನಾವು ಅಂದುಕೊಂಡುಬಿಡುತ್ತೇವೆ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಒಡಹುಟ್ಟಿದ ಮಕ್ಕಳನ್ನು ಹೊರಗೆ ಹಾಕಿದರು. ಅವರು ಯೆಹೋವನ ಸಾಕ್ಷಿಗಳು ಎಂಬ ಪಂಥದವರು. ರಾಷ್ಟ್ರಗೀತೆ ಹಾಡುವಾಗ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರ ಪ್ರಾರ್ಥನೆ ಬಿಟ್ಟು ಬೇರೆ ಯಾವ ಆಚರಣೆಯಲ್ಲೂ ಸೇರಬಾರದು ಅಂತ ಅವರ ನಂಬಿಕೆ. ಇಲಾಖೆ ಸುತ್ತೋಲೆ ತೋರಿಸಿತು. ಹೈಕೋರ್ಟಿನಲ್ಲಿ ಮಕ್ಕಳು ಸೋತರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಒಂದು ಸರಳ ಪ್ರಶ್ನೆ ಹಾಕಿಕೊಂಡಿತು: ಹಾಡಲೇಬೇಕು ಅಂತ ಕಾನೂನು ಎಲ್ಲಿದೆ? ಎಲ್ಲೂ ಇರಲಿಲ್ಲ. ಸುತ್ತೋಲೆಗೆ ಕಾನೂನಿನ ಬಲ ಇಲ್ಲ, ಅದು ಬರೀ ಇಲಾಖೆಯ ಸೂಚನೆ ಅಂದಿತು ಕೋರ್ಟು. ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಿ ಅಂತ ಆದೇಶ ಕೊಟ್ಟಿತು. ರಾಷ್ಟ್ರಗೀತೆಯನ್ನು ಮನಸಾರೆ ಹಾಡುವವನು ನಾನು. ಆದರೂ ಆ ತೀರ್ಪು ಓದಿದಾಗ ನನಗೆ ಹೆಮ್ಮೆಯಾಯ್ತು. ನಿಮ್ಮ ಮಗಳು ಕೇಳಿದ ಚೀಟಿಯೂ ಇದೇ ಪ್ರಶ್ನೆ ಅಲ್ವಾ, ಮಾಸ್ತರರೇ? ಹೇಳುತ್ತಿರುವುದು ಕಾನೂನೋ, ಕುರ್ಚಿಯೋ ಅಂತ ಆಕೆ ನೋಡಿದಳು. ಚೀಟಿ ಬರೆದುಕೊಡಲು ಅಧ್ಯಕ್ಷರ ಕೈ ಏಳಲಿಲ್ಲ. ಉತ್ತರ ಅದರಲ್ಲೇ ಇದೆ.

"ಎಲ್ಲರೂ ಹೀಗೆ ಎದುರು ನಿಂತರೆ ಆಫೀಸು, ಸೈನ್ಯ, ಮನೆ ನಡೆಯೋದು ಹೇಗೆ?" ಅಂತಲೂ ಕೇಳಿದ್ದೀರಿ. ಇದನ್ನು ತಳ್ಳಿಹಾಕಲು ಬರೋದಿಲ್ಲ. 1930ರ ಏಪ್ರಿಲ್‌ನಲ್ಲಿ ಪೇಶಾವರದಲ್ಲಿ ಬರಿಗೈಯಲ್ಲಿದ್ದ ಪಠಾಣರ ಮೇಲೆ ಗುಂಡು ಹಾರಿಸಿ ಅಂದಾಗ ಗಢವಾಲ್ ರೈಫಲ್ಸ್‌ನ ಸಿಪಾಯಿಗಳು ಹಾರಿಸಲಿಲ್ಲ. ಅವರ ಮುಂದಾಳು ಚಂದ್ರಸಿಂಗ್ ಗಢವಾಲಿಗೆ ಜೀವಾವಧಿ ಶಿಕ್ಷೆ ಆಯ್ತು, 1941ರವರೆಗೆ ಜೈಲಿನಲ್ಲಿದ್ದರು. ಇದನ್ನು ಗಾಂಧೀಜಿಯೇ ಒಪ್ಪಲಿಲ್ಲ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ಪ್ರಮಾಣ ಮಾಡಿ ಸೇರಿದ ಸಿಪಾಯಿ ಆಜ್ಞೆ ಮೀರಬಾರದು, ನಾಳೆ ನಮ್ಮ ಕೈಗೆ ಅಧಿಕಾರ ಬಂದಾಗಲೂ ಇವರೇ ಬೇಕಲ್ಲ ಅಂತ ಅವರ ವಾದ. ನಿಮ್ಮ ಭಯವೂ ಅದೇ. ಗಾಂಧೀಜಿ ಮೇಲೆ ನನಗಿರುವ ಗೌರವ ದೊಡ್ಡದು, ಆದರೂ ಈ ವಿಷಯದಲ್ಲಿ ನನ್ನ ಮನಸ್ಸು ಚಂದ್ರಸಿಂಗ್ ಕಡೆಗೇ. ಆತ ಓಡಿಹೋಗಲಿಲ್ಲ, ಅಧಿಕಾರಿಯ ಕಡೆಗೆ ಬಂದೂಕು ತಿರುಗಿಸಲಿಲ್ಲ. ಕೊಲ್ಲಲಾರೆ ಅಂದ, ಅದರ ಬೆಲೆ ತಾನೇ ಕೊಟ್ಟ. ಸ್ವತಂತ್ರ ಭಾರತ 1950ರಲ್ಲಿ ಸೇನಾ ಕಾಯ್ದೆ ಮಾಡಿದಾಗ, ಮೇಲಧಿಕಾರಿಯ ಆಜ್ಞೆ ಮೀರುವುದು ಅಪರಾಧ ಅನ್ನುವ ಕಲಮಿನಲ್ಲಿ ಆಜ್ಞೆಯ ಹಿಂದೆ ಒಂದು ಪದ ಇದೆ: ಕಾನೂನುಬದ್ಧ. ಸೈನ್ಯಕ್ಕೇ ಆ ಪದ ಬೇಕಾಯ್ತು. ಸಹಕಾರಿ ಸಂಘಕ್ಕೆ ಬೇಡವೇ?

ನೀವು ಮಗಳನ್ನು ಬೆಳೆಸಿದ್ದರಲ್ಲಿ ತಪ್ಪಾಯ್ತು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ವಿಧೇಯತೆ ಅನ್ನೋದು ನಾವು ಅರ್ಜಿಯ ಕೊನೆಗೆ ಬರೆಯುವ ಪದ. ಮನೆಯಲ್ಲಿ ನಾವು ಆಡುವ ಮಾತು "ಕೇಳು". ಅಪ್ಪ ಹೇಳಿದ್ದು ಕೇಳು ಅನ್ನುತ್ತೇವೆ. ಗೊತ್ತಾಗದಿದ್ದರೆ ಕೇಳು ಅಂತಲೂ ಅನ್ನುತ್ತೇವೆ. ನಲವತ್ತು ವರ್ಷ ಶಾಲೆಯಲ್ಲಿ ಈ ಎರಡು ಮಾತನ್ನೂ ನೀವು ಸಾವಿರಾರು ಮಕ್ಕಳಿಗೆ ಹೇಳಿರುತ್ತೀರಿ. ನಿಮ್ಮ ಮಗಳು ಎರಡನ್ನೂ ಕಿವಿಗೆ ಹಾಕಿಕೊಂಡಿದ್ದಾಳೆ.

ಆಕೆ ಐದೂವರೆಗೆ ಹೊರಡುವಾಗ ಎಚ್ಚರ ಇದ್ದೂ ಮುಸುಕು ಎಳೆದುಕೊಂಡು ಮಲಗಿರುತ್ತೇನೆ, ಮುಖ ನೋಡಲು ಆಗೋದಿಲ್ಲ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಾಳೆ ಎದ್ದುಬಿಡಿ. ಬುತ್ತಿ ಡಬ್ಬಿ ನೀವು ಹಿಡಿದುಕೊಳ್ಳಿ. ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ನಡೆದು ಬನ್ನಿ.